ಠಾಣೆಗೆ ಬರಹೇಳಿದರೆ ಅಮ್ಮ ಹೋಗಬೇಕೆ?

ಪ್ರಶ್ನೆ: ಪಕ್ಕದ ಮನೆಯ ಕಳವಿನ ಬಗ್ಗೆ ವಿಚಾರಿಸಲು ಪೊಲೀಸರು ನನ್ನ ತಾಯಿಯನ್ನು ಠಾಣೆಗೆ ಬರಹೇಳಿದ್ದಾರೆ. ಹೋಗಲೇಬೇಕೆ? ಹೇಳಿಕೆಗೆ ಸಹಿ ಹಾಕಬೇಕೆ?

ಉತ್ತರ: ಹೋಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕು. ಅದರಲ್ಲೂ ಹೆಂಗಸರನ್ನು, 60 ದಾಟಿದವರನ್ನು ಅವರು ವಾಸಿಸುವ ಜಾಗದಲ್ಲೇ ವಿಚಾರಿಸಬೇಕು. ತಾವಾಗಿಯೇ ಬರುತ್ತೇನೆಂದರೆ ಆ ಮಾತು ಬೇರೆ.

ಇದು ಹಳೆಯ ಕಾನೂನಿನಲ್ಲೂ ಇತ್ತು. ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿ ಅವರನ್ನು ಪೊಲೀಸರು ಠಾಣೆಗೆ ಕರೆಸಿ ಪ್ರಶ್ನೆಪಟ್ಟಿ ಕೊಟ್ಟಾಗ ಅವರು ಉತ್ತರಿಸಲಿಲ್ಲ, ಮೊಕದ್ದಮೆ ಬಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್, ಮಹಿಳೆಯನ್ನು ಠಾಣೆಗೆ ಕರೆಸಿದ್ದೇ ತಪ್ಪೆಂದಿತು. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಮೌನವಾಗಿರುವ ಹಕ್ಕು ಠಾಣೆಯಲ್ಲೂ ಉಂಟೆಂದು ಸಾರಿತು. ನನ್ನ ಮಟ್ಟಿಗೆ ಅದು ದೊಡ್ಡ ತೀರ್ಪು.

ಉಳಿದ ಪ್ರಶ್ನೆಗಳಿಗೆ ತಾಯಿ ನಿಜ ಹೇಳಲೇಬೇಕು. ಆದರೆ ಆ ಹೇಳಿಕೆಗೆ ಅವರಿಂದ ಸಹಿ ಪಡೆಯುವಂತಿಲ್ಲ. 181ನೇ ಕಲಂ ಅದನ್ನು ತಡೆಯುತ್ತದೆ. ದೂರು, ಮಹಜರುಗಳ ಸಹಿ ಬೇರೆ, ಅವನ್ನು ಪೂರ್ತಿ ಓದಿ ಹಾಕಬೇಕು. ಖಾಲಿ ಹಾಳೆಗೆ ಮಾತ್ರ ಎಂದೂ ಬೇಡ.

ಅಧಿಕಾರಿ ಮನೆಗೆ ಬಂದಾಗ ದಯವಿಟ್ಟು ನೀವೂ ತಾಯಿಯ ಪಕ್ಕದಲ್ಲಿರಿ.