ತಿರುಗುವ ಸೀಟಿಗೆ ಬಿದ್ದ ಬೀಗ

1959ರ ಮಾದರಿಯ ಕಾರುಗಳಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಹೊಸದೊಂದು ಸೌಕರ್ಯ ಕೊಟ್ಟಿತು. ಬಾಗಿಲು ತೆರೆದರೆ ಮುಂದಿನ ಸೀಟನ್ನು ಹೊರಮುಖವಾಗಿ ತಿರುಗಿಸಬಹುದಿತ್ತು. ಸೊಂಟ ತಿರುಚಿ ಇಳಿಯುವ ಪ್ರಯಾಸ ತಪ್ಪಿತು. 1973ರಲ್ಲಿ ಷೆವರ್ಲೆ ಮಾಂಟೆ ಕಾರ್ಲೊದ ಸೀಟು 90 ಡಿಗ್ರಿ ತಿರುಗಿತು. 1984ರ ರೆನೋ ಎಸ್ಪಾಸ್‌ನಲ್ಲಂತೂ ಮುಂದಿನ ಸೀಟುಗಳು ಹಿಂದಕ್ಕೆ ಮುಖ ಮಾಡಿ, ನಿಂತ ವಾಹನವನ್ನು ಮನೆಯ ಜಗಲಿಯಂತೆ ಮಾಡಿದವು.

ಆದರೆ ಈ ಸೌಕರ್ಯದ ಅಪಾಯ ಇರುವುದು ಸೀಟಿನ ಬುಡದಲ್ಲಿ. ತಿರುಗುವ ಸೀಟಿಗೂ ನೆಲಕ್ಕೂ ನಡುವೆ ಒಂದು ತಿರುಗಣೆ, ಒಂದು ಬೀಗ ಬರುತ್ತವೆ. ಡಿಕ್ಕಿಯಾದಾಗ ಹೊಡೆತ ತಡೆಯಬೇಕಾದವು ಅವೇ. ಬೆಲ್ಟನ್ನೂ ಸೀಟಿಗೇ ಜೋಡಿಸಿದ್ದರೆ ಕೂತವರನ್ನು ಹಿಡಿದಿಡುವ ಹೊರೆಯೂ ಅವುಗಳ ಮೇಲೆ ಬೀಳುತ್ತದೆ. ಬೀಗ ಕಳಚಿದರೆ ಎಂಥ ಗಟ್ಟಿ ಬೆಲ್ಟೂ ಕಾಯಲಾರದು.

ಕ್ರೈಸ್ಲರ್ ಸೀಟು ಬಂದಾಗ ಅಮೆರಿಕದಲ್ಲಿ ಜನರು ಕೊಳ್ಳುವ ಕಾರುಗಳಿಗೆ ರಾಷ್ಟ್ರಮಟ್ಟದ ಸುರಕ್ಷತಾ ಮಾನದಂಡಗಳೇ ಇರಲಿಲ್ಲ. 1965ರಲ್ಲಿ ವಕೀಲ ರಾಲ್ಫ್ ನೇಡರ್ ಬರೆದ ಪುಸ್ತಕ ಕಾರು ತಯಾರಕರ ಅಸಡ್ಡೆಯನ್ನು ಬಯಲಿಗೆಳೆಯಿತು. ಮರುವರ್ಷವೇ ಕಾನೂನು ಬಂತು. 1968ರ ಜನವರಿ 1ರಿಂದ ಜಾರಿಯಾದ 207ನೇ ಮಾನದಂಡದ ಪ್ರಕಾರ ಸೀಟು ತನ್ನ ತೂಕದ 20 ಪಟ್ಟು ಎಳೆತವನ್ನು ತಾಳಬೇಕು. 25 ಕಿಲೋ ಸೀಟೆಂದರೆ 500 ಕಿಲೋ! ಬೆಲ್ಟು ಸೀಟಿಗೇ ಇದ್ದರೆ ಅದರ ಎಳೆತವನ್ನೂ ಜೊತೆಗೇ ಹಾಕಿ ಪರೀಕ್ಷಿಸಬೇಕು.

ವಿಶ್ವಸಂಸ್ಥೆಯ 17ನೇ ನಿಯಮ ಬಂದದ್ದು 1970ರಲ್ಲಿ. ಸೀಟನ್ನು ಸರಿಸುವ, ತಿರುಗಿಸುವ ವ್ಯವಸ್ಥೆಗೆ ತಾನಾಗಿ ಬೀಳುವ ಬೀಗ ಇರಲೇಬೇಕೆಂದು ಅದು ಹೇಳುತ್ತದೆ. ಕೂತವರ ನೆನಪಿನ ಶಕ್ತಿಗೆ ಜೀವವನ್ನು ಒಪ್ಪಿಸದ ಈ ಮಾತು ನಿಯಮದಲ್ಲೇ ಅತ್ಯಂತ ವಿವೇಕದ್ದು.

ಅಡ್ಡಮುಖದ ಸೀಟಿನ ವಿಷಯದಲ್ಲಿ ಯುರೋಪ್ ಇನ್ನೂ ಬಿಗಿಯಾಯಿತು. ಎದುರಿನಿಂದ ಡಿಕ್ಕಿಯಾದಾಗ ಅಡ್ಡ ಕೂತವರ ಮೈ ಪಕ್ಕಕ್ಕೆ ವಾಲುತ್ತದೆ. ಬೆಲ್ಟು ಎದೆಯನ್ನು ಹಿಡಿಯುವ ಬದಲು ಹೊಟ್ಟೆ, ಕುತ್ತಿಗೆಯನ್ನು ಒತ್ತಬಹುದು. 2005ರ ನಿರ್ದೇಶನ ಕಾರುಗಳಲ್ಲಿ ಅಂಥ ಸೀಟನ್ನು ನಿಷೇಧಿಸಿ, ಆಂಬುಲೆನ್ಸ್‌ಗಳಂಥ ಕೆಲವಕ್ಕೆ ವಿನಾಯಿತಿ ಕೊಟ್ಟಿತು. ವಾಹನ ನಿಂತಾಗಷ್ಟೇ ಬಳಸುವ ಸೀಟಿಗೆ ಅದನ್ನು ತಿಳಿಸುವ ಚಿತ್ರವೋ ಬರಹವೋ ಇರಬೇಕು ಎಂದಿತು.

2025ರ ಡಿಸೆಂಬರ್‌ನಲ್ಲಿ ಮಾರುತಿ ಸುಜುಕಿ, ಬೆಂಗಳೂರಿನ ನವೋದ್ಯಮವೊಂದರ ಜೊತೆ ಸೇರಿ ವ್ಯಾಗನ್ಆರ್‌ಗೆ ತಿರುಗುವ ಸೀಟು ತಂದಿತು. ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐನಲ್ಲಿ ಅದರ ಸುರಕ್ಷತಾ ಪರೀಕ್ಷೆಯೂ ನಡೆಯಿತು. ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿ ಬಳಸುವವರಿಗೆ ಇದು ಶೋಕಿಯಲ್ಲ, ಮನೆಯಿಂದ ಹೊರಬೀಳುವ ದಾರಿ. ಹಾಗಾಗಿಯೇ ಬೇರೆಡೆ ಇಂಥ ಸೀಟು ಹಾಕಿಸುವವರು ಹಣ ಕೊಡುವ ಮೊದಲು ಪರೀಕ್ಷೆಯ ಪ್ರಮಾಣಪತ್ರ ಕೇಳಬೇಕು. ಸೀಟನ್ನು ಮುಂದಕ್ಕೆ ತಿರುಗಿಸಿ, ಬೀಗ ತಾನಾಗಿ ಬಿತ್ತೇ ಎಂದು ಅಲುಗಾಡಿಸಿ ನೋಡಬೇಕು.