ಅಂಗಾಲಿಗೆ ಒಪ್ಪುವ ಮೆಟ್ಟು

ಮನೆಮಂದಿಗೆ ಪಾದರಕ್ಷೆ ಕೊಳ್ಳುವಾಗ ಹೊಳಪನ್ನು ನೋಡುವವರೇ ಹೆಚ್ಚು. ಚರ್ಮ ಹದಗೊಂಡ ಬಗೆಯನ್ನು ವಿಚಾರಿಸುವವರು ವಿರಳ. ಕ್ರೋಮಿಯಂ ಲವಣಗಳಿಂದ ಹದಗೊಳಿಸಿದ ಚರ್ಮದಲ್ಲಿ ಕೆಲವೊಮ್ಮೆ ಉಂಟಾಗುವ ವಿಷಾಂಶವು ತ್ವಚೆಗೆ ತುರಿಕೆಯನ್ನು ತರಬಲ್ಲುದು. ಯೂರೋಪು ಒಕ್ಕೂಟವು 2015ರಿಂದ ಅದಕ್ಕೆ ಮಿತಿ ವಿಧಿಸಿದೆ.

ಅಥಣಿ, ನಿಪ್ಪಾಣಿಗಳ ಕುಶಲಿಗಳು ಸಂಪ್ರದಾಯದಂತೆ ರಚಿಸುವ ಕೊಲ್ಹಾಪುರಿ ಮೆಟ್ಟಿನ ಮಾತೇ ಬೇರೆ. ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದಗೊಂಡ ಚರ್ಮ. ಮೊಳೆಯಿಲ್ಲದೆ ಚರ್ಮದ ಎಳೆಯಿಂದಲೇ ಹೊಲಿದ ಅಟ್ಟೆ. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ತಲಾ ನಾಲ್ಕು ಜಿಲ್ಲೆಗಳ ಈ ಕಸುಬಿಗೆ ಭೌಗೋಳಿಕ ಗುರುತು ದೊರೆಯಿತು.

ಕೊಳ್ಳುವವರು ಮೆಟ್ಟನ್ನು ಮಗುಚಿ ಹೊಲಿಗೆಯನ್ನು ಪರೀಕ್ಷಿಸಬೇಕು. ಅಂಟಿನ ಘಾಟು ಬಂದರೆ ಸಂಶಯಪಡಬೇಕು. ಮಕ್ಕಳ ಬೆರಳುಗಳು ಹರಡಿಕೊಳ್ಳಲು ಎಡೆಯಿರಬೇಕು. ಮಳೆನೀರಿಗೆ ಮಾತ್ರ ಇದು ಸಲ್ಲದು. ಅಗ್ಗದ ನಕಲಿಗೆ ಕೊಟ್ಟ ಹಣ ಅಂಗಾಲಿಗೂ ಸುಖವಲ್ಲ, ಹೊಲಿಯುವ ಕೈಗೂ ಅನ್ನವಲ್ಲ.