ಹಳೆಯ ಲ್ಯಾಪ್‌ಟಾಪಿಗೆ ಮರುಜೀವ: ಹೊಸದಾಗಿ ಕಲಿಯುವ ಶಿಕ್ಷಕರಿಗೊಂದು ಕ್ರಮ

ತಮಿಳುನಾಡು ಸರ್ಕಾರವು 2011ರ ಸೆಪ್ಟೆಂಬರ್ 15ರಂದು, ಅಣ್ಣಾದುರೈಯವರ ಜನ್ಮದಿನದಂದು, ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ಆರಂಭಿಸಿತು. ಎಲ್ಕಾಟ್ ಸಂಸ್ಥೆಯ ಮೂಲಕ ಖರೀದಿಸಲಾದ ಈ ಯಂತ್ರಗಳು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳನ್ನು ತಲುಪಿದವು. ಅಂದು ಅವನ್ನು ಪಡೆದವರು ಇಂದು ಉದ್ಯೋಗಸ್ಥರು. ಎಷ್ಟೋ ಮಂದಿ ತಾವೇ ತಂದೆತಾಯಿಯರು. ಯಂತ್ರಗಳಾದರೋ ಮನೆಯ ಬೀರುವಿನಲ್ಲಿ, ಪೆಟ್ಟಿಗೆಯ ತಳದಲ್ಲಿ ಮಲಗಿವೆ. ಕೋತಗಿರಿಯ ಸುತ್ತಮುತ್ತಲಿನ ಹಟ್ಟಿಗಳಲ್ಲಿಯೂ ತಾಳವಾಡಿ, ಹೊಸೂರು ಭಾಗಗಳಲ್ಲಿಯೂ ಇಂತಹ ಯಂತ್ರವೊಂದು ಶಿಕ್ಷಕರ ಕೈಗೆ ಬಂದರೆ ಅದನ್ನು ಹಳೆಯ ಸಾಮಾನಿನವನಿಗೆ ಕೊಡುವ ಮುನ್ನ ಒಮ್ಮೆ ಪರೀಕ್ಷಿಸುವುದು ಲೇಸು. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಕನ್ನಡದ ಪಾಠೋಪಕರಣ ಸುಲಭವಾಗಿ ದೊರೆಯುವುದಿಲ್ಲ. ಶಿಕ್ಷಕರು ಅದನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಆ ಕಾರ್ಯಕ್ಕೆ ಹದಿನೈದು ವರ್ಷದ ಯಂತ್ರವೂ ಸಾಕು.

ಒಡೆತನ ಮತ್ತು ಒಪ್ಪಿಗೆ

ಸರ್ಕಾರದ ಮುದ್ರೆಯುಳ್ಳ ಯಂತ್ರವು ವಿದ್ಯಾಭ್ಯಾಸಕ್ಕಾಗಿ ಕೊಟ್ಟದ್ದು, ವ್ಯಾಪಾರಕ್ಕಾಗಿ ಅಲ್ಲ. ಆದುದರಿಂದ ಅದನ್ನು ಹಣ ಕೊಟ್ಟು ಕೊಳ್ಳುವುದಕ್ಕಿಂತ, ಹಳೆಯ ವಿದ್ಯಾರ್ಥಿಯು ಶಾಲೆಯ ಬಳಕೆಗೆ ಕೊಡುತ್ತಿರುವುದಾಗಿ ಒಂದು ಪತ್ರ ಬರೆಯಿಸಿಕೊಂಡು ಮುಖ್ಯೋಪಾಧ್ಯಾಯರ ಗಮನಕ್ಕೆ ತರುವುದು ಯುಕ್ತ. ಅಂಗಡಿಯಿಂದ ಕೊಂಡ ಯಂತ್ರಕ್ಕೆ ರಸೀದಿ ಇರಲೇಬೇಕು. ಯಾವ ಯಂತ್ರವಾದರೂ ಅದರ ಗುಪ್ತಪದವನ್ನು ಕೊಡುವವರಿಂದಲೇ ಕೇಳಿ ಪಡೆಯಬೇಕು.

ಮೊದಲು ಕಣ್ಣಿನ ಪರೀಕ್ಷೆ

ವಿದ್ಯುತ್ತಿಗೆ ಜೋಡಿಸುವ ಮುನ್ನ ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಬೇಕು. ತಳಭಾಗ ಉಬ್ಬಿ ಯಂತ್ರ ಅಲುಗಾಡುತ್ತಿದ್ದರೆ, ಅಥವಾ ಕೀಲಿಮಣೆಯ ನಡುಭಾಗ ಮೇಲೆದ್ದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಂತಹ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಅದು ಹೊತ್ತಿಕೊಳ್ಳುವ ಅಪಾಯವಿದೆ. ಕಳಚಬಲ್ಲ ಬ್ಯಾಟರಿಯಾದರೆ ಮೆಲ್ಲನೆ ತೆಗೆದು ಬೇರೆಯಾಗಿ, ಉರಿಯುವ ವಸ್ತುಗಳಿಂದ ದೂರ ಇಡಬೇಕು. ಒಳಗೇ ಅಡಗಿಸಿದ ಬ್ಯಾಟರಿಯಾದರೆ ದುರಸ್ತಿ ಮಾಡುವವರ ಕೈಗೆ ಒಪ್ಪಿಸಬೇಕು. ಇದೊಂದು ಹಂತದಲ್ಲಿ ಸ್ವಪ್ರಯೋಗ ಸಲ್ಲದು.

ಎರಡನೆಯದು ತೇವ. ಕೋತಗಿರಿಯು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ದೊಡ್ಡಬೆಟ್ಟದ ಸಾಲು ನೈಋತ್ಯ ಮಾರುತವನ್ನು ಬಹುಮಟ್ಟಿಗೆ ತಡೆಯುವುದರಿಂದ ಇಲ್ಲಿ ಈಶಾನ್ಯ ಮಾರುತದ ಮಳೆಯೇ ಪ್ರಧಾನ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಂಜು, ಮಳೆ, ಚಳಿ ಒಟ್ಟಿಗೇ ಬರುತ್ತವೆ. ತಣ್ಣನೆಯ ಕೋಣೆಯಲ್ಲಿದ್ದ ಯಂತ್ರವನ್ನು ಒಲೆಯಿಂದ ಬೆಚ್ಚಗಾದ ಕೋಣೆಗೆ ತಂದೊಡನೆ, ತಣ್ಣನೆಯ ಲೋಟದ ಹೊರಮೈಯಲ್ಲಿ ನೀರು ಕಟ್ಟುವಂತೆಯೇ, ಒಳಗಿನ ಲೋಹದ ಮೇಲೆ ಹನಿ ಕಟ್ಟುತ್ತದೆ. ಆದ್ದರಿಂದ ಯಂತ್ರವನ್ನು ತಂದ ಕೂಡಲೇ ಚಾಲೂ ಮಾಡದೆ ಕೆಲವು ಗಂಟೆಗಳ ಕಾಲ ಒಣ ಜಾಗದಲ್ಲಿ ಬಿಡಬೇಕು. ಒಲೆಯ ಬಳಿ ಅಥವಾ ಬಿಸಿಲಿನಲ್ಲಿಟ್ಟು ಒಣಗಿಸಬಾರದು. ಎತ್ತರದ ಬಗ್ಗೆ ಕೆಲವರಿಗೆ ಸಂದೇಹವಿರುವುದುಂಟು. ಹಾರ್ಡ್ ಡಿಸ್ಕಿನ ಓದುಮುಳ್ಳು ಗಾಳಿಯ ತೆಳು ಪದರದ ಮೇಲೆ ತೇಲುತ್ತದೆಂಬುದು ನಿಜ. ಆದರೆ ಸಾಮಾನ್ಯ ಡಿಸ್ಕುಗಳು ಸುಮಾರು 3,000 ಮೀಟರ್ ಎತ್ತರದವರೆಗೆ ಕೆಲಸ ಮಾಡುವಂತೆ ರೂಪುಗೊಂಡಿರುವುದರಿಂದ ನೀಲಗಿರಿಯಲ್ಲಿ ಭಯವಿಲ್ಲ.

ವಿದ್ಯುತ್ ಬಾರದಿದ್ದರೆ

ಯಂತ್ರದ ತಳದ ಚೀಟಿಯಲ್ಲಿ ಅದಕ್ಕೆ ಬೇಕಾದ ವೋಲ್ಟ್ ಮತ್ತು ಆಂಪಿಯರ್ ನಮೂದಾಗಿರುತ್ತವೆ. ಬೇರೆ ಅಡಾಪ್ಟರ್ ಬಳಸುವಾಗ ವೋಲ್ಟ್ ಒಂದೇ ಆಗಿರಬೇಕು. ಆಂಪಿಯರ್ ಸಮವಾಗಿರಬೇಕು ಅಥವಾ ಹೆಚ್ಚಿರಬೇಕು. ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ, ಏಕೆಂದರೆ ಯಂತ್ರವು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟ್ ಹೆಚ್ಚಾದರೆ ಯಂತ್ರ ಸುಟ್ಟುಹೋದೀತು.

ಗುಂಡಿ ಒತ್ತಿದರೂ ದೀಪ ಹೊತ್ತದಿದ್ದರೆ ಅಡಾಪ್ಟರನ್ನು ಬಿಡಿಸಿ, ಬ್ಯಾಟರಿಯನ್ನು ಹೊರತೆಗೆದು, ಚಾಲನೆಯ ಗುಂಡಿಯನ್ನು ಮೂವತ್ತು ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕು. ಒಳಗೆ ಉಳಿದಿದ್ದ ವಿದ್ಯುತ್ತು ಇದರಿಂದ ಹರಿದುಹೋಗುತ್ತದೆ. ಬಳಿಕ ಬ್ಯಾಟರಿಯಿಲ್ಲದೆ ಅಡಾಪ್ಟರನ್ನು ಮಾತ್ರ ಜೋಡಿಸಿ ಪ್ರಯತ್ನಿಸಬೇಕು. ಸತ್ತ ಬ್ಯಾಟರಿಯೇ ಚಾಲನೆಗೆ ಅಡ್ಡಿಯಾಗಿದ್ದ ಪಕ್ಷದಲ್ಲಿ ಯಂತ್ರ ಇಲ್ಲಿಯೇ ಎಚ್ಚರಗೊಳ್ಳುವುದುಂಟು. ಬ್ಯಾಟರಿಯಿಲ್ಲದೆಯೂ ಇಂತಹ ಯಂತ್ರಗಳು ಬಹುಪಾಲು ನಡೆಯುತ್ತವೆ. ಆದರೆ ಮಳೆಗಾಲದಲ್ಲಿ ವಿದ್ಯುತ್ ಹೋದ ಕ್ಷಣವೇ ಉಳಿಸದ ಬರಹವೂ ಹೋಗುತ್ತದೆ. ಕೆಲವು ನಿಮಿಷಕ್ಕೊಮ್ಮೆ ಕಡತವನ್ನು ಉಳಿಸುವ ಅಭ್ಯಾಸ ಅಲ್ಲಿ ಅನಿವಾರ್ಯ.

ದೀಪವಿದೆ, ಚಿತ್ರವಿಲ್ಲ

ದೀಪ ಹೊತ್ತಿ, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಎರಡು ಪರೀಕ್ಷೆಗಳಿವೆ. ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಮಸುಕಾದ ಅಕ್ಷರಗಳು ಕಂಡರೆ ಪರದೆಯ ಹಿಂಬೆಳಕು ಮಾತ್ರ ಕೆಟ್ಟಿದೆ. ಏನೂ ಕಾಣದಿದ್ದರೆ ಶಾಲೆಯ ಪ್ರೊಜೆಕ್ಟರನ್ನೋ ಬೇರೊಂದು ಮಾನಿಟರನ್ನೋ ಜೋಡಿಸಿ ನೋಡಬೇಕು. ಅಲ್ಲಿ ಚಿತ್ರ ಬಂದರೆ ದೋಷವಿರುವುದು ಪರದೆಯಲ್ಲಿ. ಅಂತಹ ಯಂತ್ರವನ್ನು ಪ್ರೊಜೆಕ್ಟರಿಗೆ ಶಾಶ್ವತವಾಗಿ ಜೋಡಿಸಿ ತರಗತಿಯಲ್ಲಿ ಬಳಸಬಹುದು.

ಎರಡೂ ಕಡೆ ಚಿತ್ರವಿಲ್ಲದಿದ್ದರೆ ರ್‍ಯಾಮ್ ಪಟ್ಟಿಯನ್ನು ನೋಡಬೇಕು. ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು, ತಳದ ಸಣ್ಣ ಮುಚ್ಚಳವನ್ನು ಬಿಚ್ಚಿ, ಮೈಯ ಸ್ಥಿರವಿದ್ಯುತ್ ಹೋಗಲೆಂದು ಲೋಹದ ಕಿಟಕಿಯ ಸರಳನ್ನೊಮ್ಮೆ ಮುಟ್ಟಿ, ಪಟ್ಟಿಯ ಎರಡು ಬದಿಯ ಕೊಕ್ಕೆಗಳನ್ನು ಸರಿಸಿದರೆ ಅದು ತಾನಾಗಿ ಓರೆಯಾಗಿ ಏಳುತ್ತದೆ. ಅದರ ಹಳದಿ ಅಂಚನ್ನು ಒಣ ಬಟ್ಟೆಯಿಂದ ಮೃದುವಾಗಿ ಒರೆಸಿ ಮರಳಿ ಕೂರಿಸಬೇಕು. ತೇವದ ಊರುಗಳಲ್ಲಿ ಈ ಅಂಚಿನಲ್ಲಿ ಕಟ್ಟುವ ಕಿಲುಬಿನ ಪೊರೆಯೇ ಅನೇಕ ಯಂತ್ರಗಳ ಮೌನಕ್ಕೆ ಕಾರಣ.

ತಾರೀಖಿನ ಚೋದ್ಯ

ಯಂತ್ರ ಚಾಲೂ ಆದರೂ ಅಂತರ್ಜಾಲದ ಪುಟಗಳೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸಿದರೆ ಹೊಸಬರು ಗಾಬರಿಗೊಳ್ಳುತ್ತಾರೆ. ಮೊದಲು ತಾರೀಖನ್ನು ನೋಡಬೇಕು. ಯಂತ್ರ ನಿಂತಿರುವಾಗಲೂ ಗಡಿಯಾರವನ್ನು ನಡೆಯಿಸಲು ಒಳಗೊಂದು ನಾಣ್ಯದಾಕಾರದ 3 ವೋಲ್ಟಿನ ಸಣ್ಣ ಕೋಶವಿರುತ್ತದೆ. ಸಾಮಾನ್ಯವಾಗಿ ಅದರ ಸಂಖ್ಯೆ ಸಿಆರ್ 2032. ಅದು ಬರಿದಾದಾಗ ಗಡಿಯಾರವು ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎಂಬ ಎರಡು ಗಡಿಗಳಿವೆ. ಯಂತ್ರದ ಪಾಲಿಗೆ ಇನ್ನೂ ಹಳೆಯ ವರ್ಷವೇ ನಡೆದಿರುವುದರಿಂದ ಆ ಪತ್ರ ಅದಕ್ಕೆ ಸಿಂಧುವಾಗಿ ಕಾಣುವುದಿಲ್ಲ. ತಾರೀಖನ್ನು ಸರಿಪಡಿಸಿದೊಡನೆ ಪುಟಗಳು ತೆರೆಯುತ್ತವೆ. ಅಲ್ಪ ಬೆಲೆಯ ಕೋಶವನ್ನು ಬದಲಿಸಿದರೆ ತೊಂದರೆ ಮರುಕಳಿಸುವುದಿಲ್ಲ.

ಅಳಿಸುವ ಮುನ್ನ ಉಳಿಸುವುದು

ಹಳೆಯ ಡಿಸ್ಕಿನಲ್ಲಿ ಕೊಟ್ಟವರ ಭಾವಚಿತ್ರ, ಅಂಕಪಟ್ಟಿ, ಪತ್ರಗಳಿರುತ್ತವೆ. ಅವನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಅವರಿಗೇ ಕೊಟ್ಟು, ಅವರ ಒಪ್ಪಿಗೆಯ ನಂತರವೇ ಅಳಿಸಬೇಕು. ಸಾಮಾನ್ಯ ರೀತಿಯಲ್ಲಿ ಅಳಿಸಿದ ಕಡತದ ಹೆಸರು ಪಟ್ಟಿಯಿಂದ ಹೋಗುತ್ತದೆಯೇ ಹೊರತು ಅದರ ದತ್ತಾಂಶ ಡಿಸ್ಕಿನಲ್ಲಿಯೇ ಉಳಿದಿರುತ್ತದೆ. ಇಡೀ ಹಾರ್ಡ್ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಯಿಸಿದರೆ ಮಾತ್ರ ಹಳೆಯದು ನಿಜವಾಗಿ ಮರೆಯಾಗುತ್ತದೆ. ಮಕ್ಕಳ ಕೈಗೆ ಹೋಗುವ ಯಂತ್ರದಲ್ಲಿ ಈ ಎಚ್ಚರ ಅತ್ಯವಶ್ಯ.

ಶಿಕ್ಷಕರ ಸ್ವಂತ ಹಳೆಯ ಯಂತ್ರವಾದರೆ ಇನ್ನೊಂದು ಸಂಗತಿಯಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಬರಹ ನಾಶವಾಗಿರುವುದಿಲ್ಲ, ಅಲ್ಲಿ ಪ್ರತಿ ಕನ್ನಡ ಆಕಾರವೂ ರೋಮನ್ ಅಕ್ಷರದ ಸಂಕೇತವನ್ನು ಎರವಲು ಪಡೆದಿರುತ್ತದೆ. ಆ ಅಕ್ಷರವಿನ್ಯಾಸ ಇಲ್ಲದ ಕಡೆ ಎರವಲಿನ ರೂಪವಷ್ಟೇ ಉಳಿಯುತ್ತದೆ. ಪರಿವರ್ತಕ ತಂತ್ರಾಂಶದಿಂದ ಅಂತಹ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ತಾಳೆ ನೋಡಿ, ಆನಂತರವೇ ಡಿಸ್ಕನ್ನು ಅಳಿಸಬೇಕು. ಹತ್ತಾರು ವರ್ಷಗಳ ಬೋಧನೆಯ ಫಲ ಇದರಿಂದ ಉಳಿಯುತ್ತದೆ.

ನಿಧಾನಕ್ಕೆ ಕಾರಣವೇನು?

ಸರ್ಕಾರಿ ಯೋಜನೆಯ ಮೊದಲ ಯಂತ್ರಗಳಲ್ಲಿ ವಿಂಡೋಸ್ 7 ಸ್ಟಾರ್ಟರ್ ಮತ್ತು ಬಾಸ್ ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದವು. ಸ್ಟಾರ್ಟರ್ ಆವೃತ್ತಿಯು 2 ಜಿಬಿಗಿಂತ ಹೆಚ್ಚಿನ ರ್‍ಯಾಮನ್ನು ಬಳಸಲಾರದು. ಅದನ್ನಿಟ್ಟುಕೊಂಡು ರ್‍ಯಾಮ್ ಹೆಚ್ಚಿಸುವುದು ಚಿಕ್ಕ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದಂತೆ. ಮೊದಲು ವ್ಯವಸ್ಥೆ ಬದಲಾಗಬೇಕು, ಅನಂತರ ಬಿಡಿಭಾಗ.

ಬಿಡಿಭಾಗಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕುವುದು. ಹಾರ್ಡ್ ಡಿಸ್ಕಿನಲ್ಲಿ ಚದುರಿದ ದತ್ತಾಂಶದ ಪ್ರತಿ ತುಂಡಿಗೂ ಓದುಮುಳ್ಳು ಸರಿದು, ತಟ್ಟೆ ತಿರುಗಿ ಬರುವವರೆಗೆ ಹತ್ತು ಮಿಲಿಸೆಕೆಂಡಿನಷ್ಟು ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಆ ಕಾಯುವಿಕೆ ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 2.5 ಇಂಚಿನ ಸಾಟಾ ಮಾದರಿ ಈ ಕಾಲದ ಬಹುತೇಕ ಯಂತ್ರಗಳಿಗೆ ಹೊಂದುತ್ತದೆ. ರ್‍ಯಾಮ್ ಕೊಳ್ಳುವಾಗ ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ಯುವುದು ಕ್ಷೇಮ. ಡಿಡಿಆರ್3 ಗೂಡಿನಲ್ಲಿ ಡಿಡಿಆರ್4 ಕೂರುವುದಿಲ್ಲ.

ಯಾವ ವ್ಯವಸ್ಥೆ?

ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ಮತ್ತು ಭದ್ರತಾ ಚಿಪ್ ಈ ಯಂತ್ರಗಳಲ್ಲಿಲ್ಲ. ಆದುದರಿಂದ ಲಿನಕ್ಸ್ ವರ್ಗದ ವ್ಯವಸ್ಥೆಯೇ ಉಚಿತ ಮಾರ್ಗ. ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಭಾರತೀಯ ಭಾಷೆಗಳನ್ನು ಉದ್ದೇಶಿಸಿಯೇ ರೂಪುಗೊಂಡದ್ದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 2 ಜಿಬಿ ರ್‍ಯಾಮಿನಲ್ಲಿಯೂ ನಡೆಯುತ್ತದೆ. 4 ಜಿಬಿ ಇದ್ದರೆ ಸಲೀಸು. ಅದಕ್ಕೆ 64 ಬಿಟ್ ಪ್ರೊಸೆಸರ್ ಬೇಕು. ಇದು ಶಾಲೆಗಳಿಗೆ ಹೊಸ ದಾರಿಯೇನಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ರೂಪ ತಳೆದ ಐಟಿ ಅಟ್ ಸ್ಕೂಲ್ ಯೋಜನೆ ಮುಕ್ತ ತಂತ್ರಾಂಶವನ್ನೇ ಅವಲಂಬಿಸಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ.

ವಿಧಾನ ಸರಳವಾದುದು. ಸರಿಯಾಗಿ ನಡೆಯುತ್ತಿರುವ ಬೇರೊಂದು ಗಣಕದಲ್ಲಿ ವ್ಯವಸ್ಥೆಯ ಕಡತವನ್ನು ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವಿಗೆ ಚಾಲನಾ ರೂಪದಲ್ಲಿ ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ಸಾಲದು. ಅದನ್ನು ಚುಚ್ಚಿ ಹಳೆಯ ಯಂತ್ರವನ್ನು ಚಾಲೂ ಮಾಡುವಾಗ ಎಫ್2, ಎಫ್9, ಎಫ್12 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಎಲ್ಲಿಂದ ಚಾಲನೆ ಎಂಬ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿದರೆ ಡಿಸ್ಕನ್ನು ಮುಟ್ಟದೆಯೇ ವ್ಯವಸ್ಥೆ ಪ್ರಾಯೋಗಿಕವಾಗಿ ತೆರೆಯುತ್ತದೆ. ಅಲ್ಲಿಯೇ ವೈ-ಫೈ, ಧ್ವನಿ, ಕೀಲಿಮಣೆಯ ಪ್ರತಿಯೊಂದು ಅಕ್ಷರ, ಡಿಸ್ಕಿನ ಆರೋಗ್ಯ ಇವನ್ನು ಪರೀಕ್ಷಿಸಿ, ಎಲ್ಲವೂ ಸರಿಯೆನಿಸಿದ ಮೇಲೆಯೇ ಸ್ಥಾಪನೆಗೆ ತೊಡಗಬೇಕು.

ಕನ್ನಡದ ಪರೀಕ್ಷೆ

ಸ್ಥಾಪನೆಯಾದ ಯಂತ್ರ ಕನ್ನಡ ಶಾಲೆಗೆ ಸಿದ್ಧವಾಯಿತೇ ಎಂಬುದನ್ನು ನಾಲ್ಕು ಪದಗಳಿಂದ ತಿಳಿಯಬಹುದು: ಸ್ತ್ರೀ, ಜ್ಞಾನ, ಅರ್ಘ್ಯ, ವೈಶಿಷ್ಟ್ಯ. ಅಕ್ಷರದ ಜಾಗದಲ್ಲಿ ಚೌಕಗಳು ಕಂಡರೆ ಅಕ್ಷರವಿನ್ಯಾಸ ಇಲ್ಲ. ಲೋಹಿತ್, ನೋಟೋ, ಗುಬ್ಬಿ, ನವಿಲು ಇವುಗಳಲ್ಲಿ ಒಂದನ್ನು ಸೇರಿಸಬೇಕು. ಅಕ್ಷರವಿದ್ದು ಒತ್ತುಗಳು ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬಾರದು. ಬೇರೆ ತಂತ್ರಾಂಶ ಬೇಕು.

ಕೀಲಿಮಣೆಯಲ್ಲಿ ನುಡಿಯ ವಿನ್ಯಾಸ ತಿಳಿದವರಿಗೆ ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಅದೇ ವಿನ್ಯಾಸ ಲಿನಕ್ಸಿನಲ್ಲಿಯೂ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ತಮಿಳಿನ ‘ಕ’ ಸಹ ಇದೆ. ಎರಡೂ ಭಾಷೆಗಳಲ್ಲಿ ಕಡತ ಬರೆಯಬೇಕಾದ ಗಡಿನಾಡಿನ ಶಿಕ್ಷಕರಿಗೆ ಒಂದೇ ಕಲಿಕೆ ಎರಡಕ್ಕೂ ಒದಗುತ್ತದೆ. ತಮಿಳು 99 ವಿನ್ಯಾಸದ ಅಭ್ಯಾಸ ಮಾತ್ರ ಕನ್ನಡಕ್ಕೆ ಒದಗುವುದಿಲ್ಲ.

ತರಗತಿಯಲ್ಲಿ

ಅಂತರ್ಜಾಲ ದುರ್ಬಲವಾದ ಹಟ್ಟಿಗಳಲ್ಲಿ, ಪಟ್ಟಣದಲ್ಲಿದ್ದಾಗಲೇ ಪಠ್ಯಪುಸ್ತಕಗಳ ಪಿಡಿಎಫ್ ಪ್ರತಿಗಳನ್ನೂ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೂ ಇಳಿಸಿಟ್ಟುಕೊಂಡರೆ ಜಾಲವಿಲ್ಲದೆಯೂ ಓದಬಹುದು. ಯಂತ್ರದ ಮೈಕಿನಲ್ಲಿ ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಬಡಗ ನುಡಿಯ ಗಾದೆ, ಕಥೆಗಳನ್ನು ಧ್ವನಿಮುದ್ರಿಸಿ ಕನ್ನಡ ಲಿಪಿಯಲ್ಲಿ ಬರೆದು ಜೋಡಿಸಿದರೆ, ಮನೆಯ ಮಾತೂ ಶಾಲೆಯ ಮಾತೂ ಒಂದೇ ಕಡತದಲ್ಲಿ ಕೂಡುತ್ತವೆ. ದುರಸ್ತಿಯ ಹಂತಗಳೂ ಪಾಠವೇ: ಹನಿಗಟ್ಟುವಿಕೆ, ವೋಲ್ಟ್ ಮತ್ತು ಆಂಪಿಯರ್, ಒಂದೊಂದೇ ಕಾರಣವನ್ನು ಬಿಡಿಸಿ ನೋಡುವ ಕ್ರಮ ವಿಜ್ಞಾನದ ತರಗತಿಗೆ ಸಲ್ಲುವಂಥವು.

ಎಲ್ಲಿ ನಿಲ್ಲಬೇಕು

ಮದರ್‌ಬೋರ್ಡ್ ಸುಟ್ಟಿದ್ದರೆ, ಅಥವಾ ಬಿಡಿಭಾಗಗಳ ವೆಚ್ಚವು ಸುಸ್ಥಿತಿಯಲ್ಲಿರುವ ಇನ್ನೊಂದು ಹಳೆಯ ಯಂತ್ರದ ಬೆಲೆಯನ್ನು ಮೀರುವಂತಿದ್ದರೆ ಪ್ರಯತ್ನವನ್ನು ಕೈಬಿಡುವುದು ವಿವೇಕ. ಆಗಲೂ ಅದರ ರ್‍ಯಾಮ್, ಡಿಸ್ಕ್, ಅಡಾಪ್ಟರ್ ಇನ್ನೊಂದು ಯಂತ್ರಕ್ಕೆ ಆಗಿಬರುತ್ತವೆ. ಉಳಿದುದನ್ನು, ವಿಶೇಷವಾಗಿ ಬ್ಯಾಟರಿಯನ್ನು, ಕಸದ ಗುಂಡಿಗಾಗಲಿ ಕಾಡಿನಂಚಿಗಾಗಲಿ ಎಸೆಯಲಾಗದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆಯೂ, ಬ್ಯಾಟರಿಯ ಮಟ್ಟಿಗೆ ಪ್ರತ್ಯೇಕವಾದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆಯೂ ಇವು ನೋಂದಾಯಿತ ಮರುಬಳಕೆದಾರರನ್ನೇ ಸೇರಬೇಕು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಯಂತ್ರ ಬಂದ ದಿನ, ಬದಲಿಸಿದ ಭಾಗ, ತಗಲಿದ ವೆಚ್ಚ ಇವನ್ನು ದಾಖಲಿಸಿಟ್ಟರೆ ಮುಂದೆ ಬರುವ ಶಿಕ್ಷಕರು ಮೊದಲಿನಿಂದ ತಡಕಾಡಬೇಕಾಗುವುದಿಲ್ಲ.